ಮಿಡಜೋಲಾಮ್ ಮೂಗಿನ ಸ್ಪ್ರೇ: ಬೆಳೆದ ಮಕ್ಕಳಿಗೆ ಯಾವ ಬಾಟಲಿ?

ಭಾಗಮಂಡಲದಿಂದ ಮಡಿಕೇರಿ ಜಿಲ್ಲಾಸ್ಪತ್ರೆಗೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಮೈಸೂರಿಗೆ ಹತ್ತಿರ ಹತ್ತಿರ 120. ಮೈಯೆಲ್ಲ ಅದುರುವ ಫಿಟ್ಸ್ 5 ನಿಮಿಷ ದಾಟಿತೆಂದರೆ ತಾನಾಗಿ ನಿಲ್ಲುತ್ತದೆ ಎಂದು ಕಾಯುವ ಹಾಗಿಲ್ಲ. 108 ಎಷ್ಟೇ ಬೇಗ ಹೊರಟರೂ ಒಳಗಿನ ತೋಟದ ಮನೆಗೆ 5 ನಿಮಿಷದಲ್ಲಿ ಬರಲಾರದು. ಹಾಗಾಗಿ ಪದೇ ಪದೇ ಫಿಟ್ಸ್ ಬರುವ ಮಗುವಿರುವ ಕೊಡಗಿನ ಮನೆಗೆ ಫಿಟ್ಸ್ ನಿಲ್ಲಿಸುವ ಈ ಮಿಡಜೋಲಾಮ್ ಸ್ಪ್ರೇ ಬೇಕೇ ಬೇಕು. ತಕರಾರು ಔಷಧಿಯ ಮೇಲಲ್ಲ, ಬಾಟಲಿಯ ಮೇಲೆ.

ಸಾಮಾನ್ಯವಾಗಿ ಕೈಗೆ ಸಿಗುವುದು ಒಂದು ಸಲ ಒತ್ತಿದರೆ 0.5 ಮಿಲಿಗ್ರಾಂ ಬರುವ 5 ಎಂಎಲ್ ಬಾಟಲಿ. ಮೂಗಿಗೆ ಕೊಡುವ ಡೋಸ್ ಸಾಧಾರಣವಾಗಿ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ, ಹೆಚ್ಚೆಂದರೆ ಒಟ್ಟು 10. ಇಪ್ಪತ್ತು ಕಿಲೋದ ಮಗುವಿಗೆ 4 ಮಿಲಿಗ್ರಾಂ, ಅಂದರೆ 8 ಸಲ ಒತ್ತಿದರೆ ಮುಗಿಯಿತು. ಅದೇ ಮಗು ಹದಿನೈದಕ್ಕೆ ಬಂದು 45 ಕಿಲೋ ತೂಗಿದರೆ 9 ಮಿಲಿಗ್ರಾಂ ಬೇಕು: ಒಂದೊಂದು ಹೊಳ್ಳೆಗೆ 9ರಂತೆ 18 ಸಲ. ಅದುರುತ್ತಿರುವ ತಲೆ ಹಿಡಿದುಕೊಂಡು ಹದಿನೆಂಟರವರೆಗೆ ತಪ್ಪದೆ ಎಣಿಸುವುದು ಹುಡುಗಾಟವಲ್ಲ. ಎಣಿಸಿದರೂ ಅಷ್ಟು ನೀರು ಮೂಗಿನಲ್ಲಿ ನಿಲ್ಲುವುದಿಲ್ಲ. ಹೊಳ್ಳೆಯೊಂದಕ್ಕೆ ಅರ್ಧ ಎಂಎಲ್ ದಾಟಿದರೆ ಮಿಕ್ಕಿದ್ದು ಗಂಟಲಿಗೆ ಇಳಿಯುತ್ತದೆ, ಔಷಧಿ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. "ಮೊದಲೆಲ್ಲ ಕೆಲಸ ಮಾಡುತ್ತಿತ್ತು, ಈಗ ಮಾಡುತ್ತಿಲ್ಲ" ಎನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ: ಮಗು ಬೆಳೆದಿದೆ, ಡಾಕ್ಟರ ಚೀಟಿ ಹಳೆಯದು.

ಒತ್ತಿಗೆ 1.25 ಮಿಲಿಗ್ರಾಂ ಬರುವ ಬಾಟಲಿಯೂ ಇದೆ. ಅದರಲ್ಲಿ ಇದೇ ಮಗುವಿಗೆ ಸುಮಾರು 7 ಸಲ ಸಾಕು. ಹದಿಹರೆಯದವರಿಗೆ ನಮ್ಮ ಆಯ್ಕೆ ಅದೇ. ಆದರೆ ಎರಡೂ ಬಾಟಲಿಗಳನ್ನು ಒಂದೇ ಮನೆಯಲ್ಲಿ ಇಡಬೇಡಿ. ಗಾಬರಿಯಲ್ಲಿ ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ಏರಬಹುದು, ಇಲ್ಲವೇ ಅಷ್ಟೇ ಇಳಿಯಬಹುದು. ಎಷ್ಟು ಸಲ ಒತ್ತಬೇಕೆಂಬುದನ್ನು ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ. ಬೆನ್ನುಮೂಳೆ ಬಾಗಿರುವ, ರಾತ್ರಿ ಉಸಿರಾಟದ ಯಂತ್ರ ಹಾಕುವ, ಕಫ ಹೊರಹಾಕಲಾರದ ಮಕ್ಕಳಿಗೆ ಅವರು ಕಡಿಮೆ ಮಾಡಿಯೇ ಬರೆಯಬಹುದು. ಅಂಥವರಿಗೆ ಮೊದಲ ಡೋಸ್ ಆಸ್ಪತ್ರೆಯಲ್ಲೇ ಆಗಿಬಿಟ್ಟರೆ ಒಳ್ಳೆಯದು.

ಬಳಸುವಾಗ ಕೈಕೊಡುವುದು ಹೆಚ್ಚಾಗಿ ಪಂಪು. ತಿಂಗಳುಗಟ್ಟಲೆ ಮುಟ್ಟದಿದ್ದರೆ ಕೊಳವೆ ಒಣಗಿ, ಮೊದಲ ಕೆಲವು ಒತ್ತಿಗೆ ಗಾಳಿಯಷ್ಟೇ ಬರುತ್ತದೆ. ಮೂಗಿಗೆ ಹಿಡಿಯುವ ಮೊದಲು ಗಾಳಿಯಲ್ಲಿ ಒತ್ತಿ ನೋಡಿ: ಹನಿಯೋ ದಾರವೋ ಬಂದರೆ ಸಾಲದು, ಮಂಜಿನಂತೆ ಹರಡಬೇಕು. ಮಗುವನ್ನು ಪಕ್ಕಕ್ಕೆ ಮಲಗಿಸಿ, ಬಾಟಲಿ ನೆಟ್ಟಗಿರಲಿ. ಅಡ್ಡ ಹಿಡಿದರೆ ಪಂಪು ಗಾಳಿ ಎಳೆಯುತ್ತದೆ. ಒಂದು ಹೊಳ್ಳೆ, ಆಮೇಲೆ ಇನ್ನೊಂದು, ಹೀಗೆ ಬದಲಿಸುತ್ತಾ ಹೋಗಿ. ಒಬ್ಬರು ಒತ್ತಲಿ, ಇನ್ನೊಬ್ಬರು ಗಟ್ಟಿಯಾಗಿ ಎಣಿಸಲಿ. ಕೈಗೆ ಬೀಗದಕೈ ಹಿಡಿಸಲು ಓಡಿಬರುವವರನ್ನು ನೆಟ್‌ವರ್ಕ್ ಸಿಗುವ ಕಡೆಗೆ, 108ಕ್ಕೆ ಫೋನ್ ಮಾಡಲು ಕಳಿಸಿ. ಅವರಿಗೂ ಒಂದು ಕೆಲಸ ಸಿಕ್ಕಂತಾಗುತ್ತದೆ. ಬಾಯಿಗೆ ಚಮಚ, ನೀರು ಯಾವುದೂ ಬೇಡ.

ನಮ್ಮ ಮಳೆಗಾಲಕ್ಕೆ ಇದರಲ್ಲೊಂದು ದೊಡ್ಡ ಕೊರತೆ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಶೀತ ನೆಗಡಿ ಮನೆಬಿಟ್ಟು ಹೋಗುವುದಿಲ್ಲ. ಸಿಂಬಳ ಕಟ್ಟಿದ ಮೂಗಿಗೆ ಹೊಡೆದ ಔಷಧಿ ಸಿಂಬಳದಲ್ಲೇ ಉಳಿಯುತ್ತದೆ. ಸಿಂಬಳ ಹೀರಿ ತೆಗೆಯುವ ಸಕ್ಷನ್ ಯಂತ್ರ ಇದ್ದರೆ ಮೊದಲು ಅದರಿಂದ ಮೂಗು ಚೊಕ್ಕ ಮಾಡಿ, ಇಲ್ಲವೇ ಬಟ್ಟೆಯಿಂದಾದರೂ ಒರೆಸಿ. ಕರೆಂಟಿಲ್ಲದ ದಿನಗಳಿಗೆ ಬ್ಯಾಟರಿಯ ಸಕ್ಷನ್ ಇರಲೇಬೇಕು. ಚಾರ್ಜ್ ಇಲ್ಲದ ಬ್ಯಾಟರಿ ಇದ್ದೂ ಇಲ್ಲದಂತೆ. ತೇವಕ್ಕೆ ರಟ್ಟಿನ ಡಬ್ಬಿ ಬೂಸ್ಟು ಹಿಡಿದು ಲೇಬಲ್ ಅಳಿಸುತ್ತದೆ. ತೂಕ, ಎಷ್ಟು ಒತ್ತು, ಅವಧಿ ಮುಗಿಯುವ ತಿಂಗಳು ಇಷ್ಟನ್ನು ಅಳಿಸದ ಮಾರ್ಕರ್‌ನಲ್ಲಿ ಬಾಟಲಿಯ ಮೇಲೆಯೇ ಬರೆದು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಟ್ಟರೆ ಔಷಧಿ ಹಾಳು.

ಕೊಟ್ಟ ಮೇಲೆ ಎದೆ ಏರಿಳಿಯುವುದನ್ನು ನೋಡುತ್ತಲೇ ಇರಿ. ಈ ಔಷಧಿ ಉಸಿರಾಟವನ್ನೂ ತಗ್ಗಿಸಬಲ್ಲದು. ಬೆರಳಿಗೆ ಆಕ್ಸಿಮೀಟರ್ ಹಾಕಿ, ತುಟಿಯ ಬಣ್ಣ ನೋಡಿ. ಕೊಟ್ಟು 5 ನಿಮಿಷವಾದರೂ ಫಿಟ್ಸ್ ನಿಲ್ಲದಿದ್ದರೆ ಮನೆಯ ಮದ್ದಿನ ಪಾಳಿ ಅಲ್ಲಿಗೆ ಮುಗಿಯಿತು, ಗಾಡಿ ಹೊರಡಬೇಕು. ಎರಡನೇ ಡೋಸ್ ಚೀಟಿಯಲ್ಲಿ ಬರೆದಿದ್ದರೆ ಮಾತ್ರ. ಎಷ್ಟು ಗಂಟೆಗೆ, ಎಷ್ಟು ಮಿಲಿಗ್ರಾಂ ಕೊಟ್ಟಿರಿ ಎಂಬ ಲೆಕ್ಕ ಕ್ಯಾಶುವಾಲ್ಟಿಯವರ ಕೈ ಸೇರಲಿ. ಅದು ಗೊತ್ತಿಲ್ಲದೆ ಅಲ್ಲಿ ಮತ್ತೆ ಅದೇ ಬಗೆಯ ಇಂಜೆಕ್ಷನ್ ಬಿದ್ದರೆ ಉಸಿರು ಸೋಲಬಹುದು.

ಗುದದ್ವಾರಕ್ಕೆ ಕೊಡುವ ಡಯಾಜೆಪಾಮ್ ಕೂಡ ಕೆಲಸ ಮಾಡುತ್ತದೆ, ನಿಜ. ಆದರೆ ಹದಿನೈದು ವರ್ಷದ ಹುಡುಗಿಗೆ ಶಾಲೆಯ ಬಸ್ಸಿನಲ್ಲಿ ಅದನ್ನು ಕೊಡುವವರು ಯಾರು? ಇಂಜೆಕ್ಷನ್ ಮಿಡಜೋಲಾಮನ್ನೇ ಸಿರಿಂಜಿನಲ್ಲಿ ಎಳೆದು ಮೂಗಿಗೆ ಹಾಕುವವರೂ ಇದ್ದಾರೆ. ಎಂಎಲ್‌ಗೆ 1 ಮಿಲಿಗ್ರಾಂ, 5 ಮಿಲಿಗ್ರಾಂ ಎರಡೂ ಬರುವುದರಿಂದ ಅದಲುಬದಲಾದೀತು, ಮನೆಯಲ್ಲಿ ಅದು ಬೇಡ.

ಮಿಡಜೋಲಾಮ್ ಶೆಡ್ಯೂಲ್ ಎಚ್1 ಔಷಧಿ, ಚೀಟಿ ಇಲ್ಲದೆ ಕೊಡುವುದಿಲ್ಲ. ಸಣ್ಣ ಊರಿನ ಮೆಡಿಕಲ್‌ನಲ್ಲಿ ಸ್ಟಾಕ್ ಇರುತ್ತದೆಂದು ನೆಚ್ಚಿಕೊಳ್ಳಬೇಡಿ. ಮೇ ತಿಂಗಳಲ್ಲೇ ಹೇಳಿ ತರಿಸಿ, ಒಂದೇ ಬಗೆಯ ಎರಡು ಬಾಟಲಿ: ಒಂದು ಮನೆಗೆ, ಇನ್ನೊಂದು ಶಾಲೆಯ ಬ್ಯಾಗಿಗೆ.