ಮನೆಯ ಟ್ರೆಡ್‌ಮಿಲ್: ಎರಡು ವರ್ಷ, 1,500 ಕಿ.ಮೀ. ಆದ ಮೇಲೆ

ಹೊಸ ವರ್ಷದ ಆಫರ್‌ನಲ್ಲಿ 25ರಿಂದ 35 ಸಾವಿರ ರೂಪಾಯಿಗೆ ಸಿಗುವ ಮಡಚುವ ಟ್ರೆಡ್‌ಮಿಲ್ ಕುರಿತ ವಿಮರ್ಶೆ ಇದು. ಬಳಸುವವರು ಇಬ್ಬರು, ತೂಕ 62 ಮತ್ತು 81 ಕೆ.ಜಿ. ವಾರಕ್ಕೆ ಐದು ದಿನ, ಬಹುಪಾಲು ನಡಿಗೆ, ಆಗೀಗ ಸ್ವಲ್ಪ ಓಟ. ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ. ಈ ಬೆಲೆಯ ಯಂತ್ರಗಳ ಹೊಟ್ಟೆಯೊಳಗೆ ಹೆಚ್ಚುಕಮ್ಮಿ ಒಂದೇ ಸಾಮಾನು: ಡಿಸಿ ಮೋಟಾರು, ಅದರ ವೇಗ ಹಿಡಿತದಲ್ಲಿಡುವ ಕಂಟ್ರೋಲರ್ ಬೋರ್ಡು, ಎರಡು ರೋಲರು, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ, ಅದರ ಮೇಲೆ ಓಡುವ ಪಿವಿಸಿ ಬೆಲ್ಟು. ಸ್ಟಾರ್ ಕೊಡುವುದಾದರೆ ಯಂತ್ರಕ್ಕೆ ನಾಲ್ಕು, ಜೊತೆಗೆ ಬಂದ ಕೈಪಿಡಿಗೆ ಒಂದು.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘4 ಎಚ್‌ಪಿ’ (ಅಶ್ವಶಕ್ತಿ) ಅಂತಿರುತ್ತದೆ. ಅದು ಪೀಕ್, ಮೋಟಾರು ಒಂದೆರಡು ಕ್ಷಣ ಮಾತ್ರ ಕೊಡಬಲ್ಲ ಶಕ್ತಿ. ಕೇಳಬೇಕಾದ್ದು ಕಂಟಿನ್ಯುಯಸ್, ಅಂದರೆ ಸತತವಾಗಿ ಕೊಡಬಲ್ಲ ಎಚ್‌ಪಿ ಎಷ್ಟು ಅಂತ. ಒಂದು ಎಚ್‌ಪಿ ಅಂದರೆ 746 ವ್ಯಾಟ್. 4 ಎಚ್‌ಪಿ ಸತತವಾಗಿ ಎಳೆದರೆ 3,000 ವ್ಯಾಟ್ ಹತ್ತಿರ ಹೋಗಬೇಕು. 6 ಆಂಪಿಯರ್ ಪಾಯಿಂಟು ತಾಳುವುದೇ 1,380 ವ್ಯಾಟ್. ಆದರೂ ಡಬ್ಬದೊಳಗೆ ಎಷ್ಟೋ ಸಲ ಇರುವುದು 6 ಆಂಪಿಯರ್ ಪ್ಲಗ್ಗು! ನಡಿಗೆಗೆ 1.5 ಎಚ್‌ಪಿ ಸಾಕು, ಓಟವೂ ಇದ್ದರೆ 2 ಇರಲಿ. ಗರಿಷ್ಠ ತೂಕ 100 ಕೆ.ಜಿ. ಅಂತ ಬರೆದಿದ್ದರೆ 80–85 ದಾಟಿದವರು ಮುಂದಿನ ಮಾಡೆಲ್ ನೋಡುವುದು ಒಳ್ಳೆಯದು. ಪ್ಲಗ್ಗು ಯಾವುದೇ ಇರಲಿ, ಸರಿಯಾದ ಅರ್ಥಿಂಗ್ ಇರುವ 16 ಆಂಪಿಯರ್ ಪಾಯಿಂಟನ್ನೇ ಕೊಡಿ. ಮನೆಯ ಇನ್ವರ್ಟರ್ ಲೈನಿಗೆ ಮಾತ್ರ ಸೇರಿಸಬೇಡಿ; ಕರೆಂಟು ಹೋದಾಗ ಇನ್ವರ್ಟರ್ ಟ್ರಿಪ್ ಆಗಿ ಮನೆಯೆಲ್ಲ ಕತ್ತಲಾಗುತ್ತದೆ.

ಬೆಲ್ಟು 40 ಸೆಂ.ಮೀ. ಅಗಲ, 110 ಸೆಂ.ಮೀ. ಉದ್ದ ಇದ್ದರೆ ನಡಿಗೆಗೆ ಧಾರಾಳ. ಐದೂಮುಕ್ಕಾಲು ಅಡಿ ಎತ್ತರದವರು ಅದರ ಮೇಲೆ ಓಡುವುದಾದರೆ ಹೆಜ್ಜೆ ಕುಗ್ಗಿಸಿಕೊಂಡೇ ಓಡಬೇಕು, ಅವರಿಗೆ 130 ಆದರೂ ಬೇಕು. ಹಿಂದೆ ಆರು ಅಡಿ ಖಾಲಿ ಬಿಡಿ. ಹಿಂಬದಿ ಗೋಡೆಗೆ ತಾಗಿದ್ದರೆ ಎಡವಿ ಬಿದ್ದವರನ್ನು ಓಡುವ ಬೆಲ್ಟು ಗೋಡೆಗೆ ಒತ್ತಿ ಹಿಡಿದು ಚರ್ಮ ಉಜ್ಜಿಬಿಡುತ್ತದೆ. ಕಿತ್ತು ಬಂದರೆ ಯಂತ್ರವನ್ನು ನಿಲ್ಲಿಸುವ ಸೇಫ್ಟಿ ಕೀಯ ದಾರವನ್ನು ಅಂಗಿಗೆ ಸಿಕ್ಕಿಸುವುದೂ ಇದಕ್ಕೇ, ಮಕ್ಕಳಿರುವ ಮನೆಯಲ್ಲಿ ಬಳಸಿದ ಮೇಲೆ ಆ ಕೀ ತೆಗೆದು ಬೀರುವಿನಲ್ಲಿಡಿ. ಹಲಗೆ ನೆಲದಿಂದ ಸುಮಾರು ಅರ್ಧ ಅಡಿ ಮೇಲಿರುತ್ತದೆ. ಸೀಲಿಂಗ್ ಫ್ಯಾನ್ ಕೆಳಗೆ ಇಡುವ ಮುಂಚೆ ಅದರ ಮೇಲೆ ನಿಂತು ಕೈ ಎತ್ತಿ ನೋಡಿ. ಬಾಲ್ಕನಿ ಬೇಡವೇ ಬೇಡ. ಎರಚಲು ಮತ್ತು ಧೂಳು, ಎರಡೂ ಬೋರ್ಡಿಗೆ ಶತ್ರು.

ಇನ್ನು ಎಣ್ಣೆ. ಈ ಯಂತ್ರಗಳು ಹಾಳಾಗುವುದು ಹೆಚ್ಚಾಗಿ ಓಡಿಸಿ ಅಲ್ಲ, ಒಣಗಿಸಿ. ಬೆಲ್ಟಿಗೂ ಹಲಗೆಗೂ ನಡುವೆ ಸಿಲಿಕೋನ್ ಎಣ್ಣೆಯ ತೆಳು ಪದರ ಇರಬೇಕು. ಅದು ಆರಿದರೆ ತಿಕ್ಕಾಟ ಹೆಚ್ಚಿ, ಮೋಟಾರು ಹೆಚ್ಚು ಕರೆಂಟು ಎಳೆದು, ಬೋರ್ಡು ಕಾಯುತ್ತದೆ. ಗಂಟೆಗೆ 2–3 ಕಿ.ಮೀ. ವೇಗದಲ್ಲಿ ಪಾದ ಊರಿದಾಗ ಬೆಲ್ಟು ಗಕ್ಕನೆ ನಿಂತು ಮುಂದೆ ಹೋಗುವುದು, ಹತ್ತು ನಿಮಿಷಕ್ಕೇ ರಬ್ಬರು ಸುಟ್ಟ ವಾಸನೆ ಬರುವುದು ಇದರ ಮೊದಲ ಲಕ್ಷಣ. ಮೂರು ತಿಂಗಳಿಗೊಮ್ಮೆ ಅಥವಾ 150 ಕಿ.ಮೀ.ಗೊಮ್ಮೆ, ಯಾವುದು ಮೊದಲೋ ಆಗ, ಪ್ಲಗ್ ಕಿತ್ತು ಬೆಲ್ಟಿನ ಅಂಚು ಎತ್ತಿ ಕೈ ಒಳಗೆ ತೂರಿಸಿ, ಪಾದ ಬೀಳುವ ನಡುಭಾಗ ಮುಟ್ಟಿ ನೋಡಿ. ಬೆರಳು ಜಿಡ್ಡಾದರೆ ಇನ್ನೂ ಬೇಡ. ಒಣಗಿದ್ದರೆ ಒಂದೊಂದು ಬದಿಯಿಂದ 10–15 ಮಿ.ಲೀ., ಹಾವು ಹರಿದ ಹಾಗೆ ಬಿಡಿ. ಆಮೇಲೆ ಯಾರೂ ಹತ್ತದೆ ಗಂಟೆಗೆ 4 ಕಿ.ಮೀ. ವೇಗದಲ್ಲಿ ಐದು ನಿಮಿಷ ಓಡಿಸಿ. ಎಣ್ಣೆ ಶುದ್ಧ ಸಿಲಿಕೋನ್ ಆಗಿರಬೇಕು. ಕೊಬ್ಬರಿ ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇಗಳು ಬೆಲ್ಟಿನ ಒಳಪದರವನ್ನೇ ಕೆಡಿಸುತ್ತವೆ. ಜಾಸ್ತಿ ಸುರಿದರೂ ತಪ್ಪೇ, ಬೆಲ್ಟು ರೋಲರಿನ ಮೇಲೆ ಜಾರತೊಡಗುತ್ತದೆ. ಹಲಗೆಗೆ ಮೇಣ ಹಾಕಿಯೇ ಬರುವ ಮಾಡೆಲ್ಲುಗಳೂ ಇವೆ, ಅವಕ್ಕೆ ಎಣ್ಣೆ ಮುಟ್ಟಿಸಬೇಡಿ.

ಬೆಲ್ಟು ಒಂದು ಕಡೆ ಸರಿಯುವುದು ಮಾಮೂಲು. ನೆಲ ಸಮ ಇಲ್ಲದಿದ್ದರೂ ಹಾಗಾಗುತ್ತದೆ, ಒಂದೇ ಕಾಲಿಗೆ ಭಾರ ಹಾಕಿ ನಡೆಯುವವರಿಂದಲೂ ಆಗುತ್ತದೆ. ಹಿಂಬದಿಯ ಎರಡು ತುದಿಯಲ್ಲಿ ಅಲೆನ್ ಕೀ ಬೋಲ್ಟುಗಳಿವೆ. ಗಂಟೆಗೆ 4 ಕಿ.ಮೀ.ಗೆ ಖಾಲಿ ಓಡಿಸುತ್ತಾ, ಬೆಲ್ಟು ಬಲಕ್ಕೆ ಸರಿದಿದ್ದರೆ ಬಲದ ಬೋಲ್ಟನ್ನು ಗಡಿಯಾರದ ದಿಕ್ಕಿಗೆ ಕಾಲು ಸುತ್ತು ಬಿಗಿ ಮಾಡಿ, ಒಂದು ನಿಮಿಷ ಕಾಯಿರಿ. ಎಡಕ್ಕೆ ಸರಿದಿದ್ದರೆ ಎಡದ್ದು. ಎಲ್ಲರೂ ತಪ್ಪುವುದು ಆ ಒಂದು ನಿಮಿಷದಲ್ಲಿ; ಕಾಯದೆ ಇನ್ನರ್ಧ ಸುತ್ತು ತಿರುಗಿಸಿ ಆ ಕಡೆಯಿಂದ ಈ ಕಡೆಗೆ ಕಳಿಸಿಬಿಡುತ್ತಾರೆ. ನಡುವೆ ಬೆಲ್ಟನ್ನು ಎತ್ತಿದರೆ 5–7 ಸೆಂ.ಮೀ. ಏಳಬೇಕು. ವೀಣೆಯ ತಂತಿಯ ಹಾಗೆ ಬಿಗಿದರೆ ರೋಲರಿನ ಬೇರಿಂಗು ಹೋಗುತ್ತದೆ.

ಪರದೆ ತೋರಿಸುವ ವೇಗವನ್ನು ನಂಬುವ ಮುಂಚೆ ಅಳೆಯಿರಿ. ಯಂತ್ರ ಆಫ್ ಮಾಡಿ ಬೆಲ್ಟನ್ನು ಕೈಯಲ್ಲೇ ಎಳೆಯುತ್ತಾ ಅದರ ಪೂರ್ತಿ ಸುತ್ತಳತೆ ಟೇಪಿನಲ್ಲಿ ಅಳೆದು, ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ. ಸುತ್ತಳತೆ 2.7 ಮೀಟರ್ ಅಂದುಕೊಳ್ಳಿ. ಗಂಟೆಗೆ 6 ಕಿ.ಮೀ. ಅಂದರೆ ನಿಮಿಷಕ್ಕೆ 100 ಮೀಟರ್, ಹಾಗಾಗಿ ಗುರುತು ನಿಮಿಷಕ್ಕೆ 37 ಸಲ ಕಾಣಿಸಬೇಕು. ಒಬ್ಬರು ನಡೆಯಲಿ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಿ ಎಣಿಸಲಿ. 34 ಬಂದರೆ ನಿಜವಾದ ವೇಗ 5.5 ಮಾತ್ರ. ಖಾಲಿ ಓಡಿಸಿದಾಗ ಸರಿಯಿದ್ದು ಮೇಲೆ ನಡೆದಾಗ ಇಳಿದರೆ ಎಣ್ಣೆ ಆರಿದೆ, ಅಥವಾ ಬೆಲ್ಟು ಸಡಿಲ ಆಗಿದೆ.

ಕ್ಯಾಲರಿ ಲೆಕ್ಕವನ್ನಂತೂ ನೋಡಲೇಬೇಡಿ. ತೂಕ ಕೇಳದ ಯಂತ್ರ ಇಬ್ಬರಿಗೂ ಒಂದೇ ಸಂಖ್ಯೆ ತೋರಿಸುತ್ತದೆ. ಗಂಟೆಗೆ 5 ಕಿ.ಮೀ. ಸಮತಟ್ಟು ನಡಿಗೆಯನ್ನು ಸುಮಾರು 3.5 ಮೆಟ್ (ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯ ಮೂರೂವರೆ ಪಟ್ಟು) ಎಂದು ಹಿಡಿದರೆ, ಅರ್ಧ ಗಂಟೆಗೆ 62 ಕೆ.ಜಿ.ಯವರಿಗೆ 108, 81 ಕೆ.ಜಿ.ಯವರಿಗೆ 142 ಕಿಲೋಕ್ಯಾಲರಿ. ಅದೂ ಹಿಡಿಕೆಗೆ ಜೋತುಬೀಳದೆ ನಡೆದರೆ.

ಕೆಟ್ಟದ್ದು ಎರಡು ಸಲ. ಮೊದಲನೆಯದು ಬೆಲ್ಟು ನಾಲ್ಕೈದು ಸೆಕೆಂಡು ಓಡಿ ಎರರ್ ತೋರಿಸಿ ನಿಲ್ಲುವುದು. ತಿರುಗುವ ಪುಲ್ಲಿಗೂ ಸ್ಪೀಡ್ ಸೆನ್ಸರಿಗೂ ಇರುವ ಎರಡು ಮೂರು ಮಿ.ಮೀ. ಅಂತರದಲ್ಲಿ ಧೂಳಿನ ಉಂಡೆ ಕೂತಿತ್ತು, ಬ್ರಷ್‌ನಲ್ಲಿ ಗುಡಿಸಿದರೆ ಮುಗಿಯಿತು. ಎರಡನೆಯದು ಮೋಟಾರಿನ ಮುಚ್ಚಳದೊಳಗೆ ಹಲ್ಲಿ ನುಗ್ಗಿ ಬೋರ್ಡು ಶಾರ್ಟ್ ಆದದ್ದು. ಪ್ರಾಣಿಯಿಂದಾದ ಹಾನಿ ವಾರಂಟಿಗೆ ಬರುವುದಿಲ್ಲ, ಬೋರ್ಡು ಬರಲು ಐದು ವಾರ. ಮುಚ್ಚಳದ ಸಂದಿಗಳಿಗೆ ಸೊಳ್ಳೆ ಜಾಲರಿ ಅಂಟಿಸಿದರೆ ಗಾಳಿಯೂ ಆಡುತ್ತದೆ, ಹಲ್ಲಿಯೂ ಬರುವುದಿಲ್ಲ. ಮುಚ್ಚಳ ಬಿಚ್ಚುವಾಗ ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಬೋರ್ಡಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಒದ್ದೆ ಟವೆಲನ್ನು ಹಿಡಿಕೆಗೆ ಹಾಕುವ ಅಭ್ಯಾಸವೂ ಬೇಡ, ಬೆವರಿನ ಉಪ್ಪಿಗೆ ನಾಡಿ ನೋಡುವ ಪಟ್ಟಿ ಎರಡನೇ ಮಳೆಗಾಲಕ್ಕೇ ಕೈಕೊಟ್ಟಿತು.

ಜನವರಿಯಲ್ಲಿ ಶುರುಮಾಡುವವರು ಮೊದಲ ದಿನವೇ 8ಕ್ಕೆ ಇಟ್ಟು ಓಡುತ್ತಾರೆ. ವಾರದೊಳಗೆ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ಗುಂಟ ನೋವು, ಆಮೇಲೆ ವಿಶ್ರಾಂತಿ, ಆಮೇಲೆ ಸಂಕ್ರಾಂತಿ. ಮೊದಲ ಎರಡು ವಾರ ದಿನಕ್ಕೆ 20 ನಿಮಿಷ ಸಾಕು: 3 ನಿಮಿಷ 3.5ರಲ್ಲಿ, 14 ನಿಮಿಷ 4.5ರಲ್ಲಿ, ಕೊನೆಯ 3 ನಿಮಿಷ ಮತ್ತೆ 3ಕ್ಕೆ ಇಳಿಸಿ. ಮೂರನೇ ವಾರದಿಂದ ಸಮಯ ಅಥವಾ ವೇಗ, ಯಾವುದಾದರೂ ಒಂದನ್ನು ಮಾತ್ರ ಏರಿಸಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ವಾರದ ಕನಿಷ್ಠ 150 ನಿಮಿಷ ಅಂದರೆ ಅರ್ಧ ಗಂಟೆಯಂತೆ ಐದು ದಿನ, ಅಷ್ಟಕ್ಕೆ ತಿಂಗಳ ಕೊನೆಗೆ ಮುಟ್ಟಿದರೂ ಸಾಕು. ಮಡಚುವ ಸೌಲಭ್ಯಕ್ಕೆಂದೇ ಹಣ ಕೊಟ್ಟಿದ್ದರೂ ಮೊದಲ ಎರಡು ತಿಂಗಳು ಕಣ್ಣಿಗೆ ಬೀಳುವ ಹಾಗೆ ಬಿಡಿಸಿಯೇ ಇಡಿ.

ಹೊಸದೇ ಬೇಕೆಂದಿಲ್ಲದವರು ಏಪ್ರಿಲ್‌ವರೆಗೆ ತಡೆದರೆ ನೂರು ಕಿ.ಮೀ. ಕೂಡ ಓಡದ ಯಂತ್ರಗಳು ಸೆಕೆಂಡ್‌ಹ್ಯಾಂಡ್‌ಗೆ ಬರುತ್ತವೆ. ನೋಡಲು ಹೋದಾಗ ಬೆಲ್ಟಿನ ಒಳಮೈ ಸವರಿ. ಗಾಜಿನಂತೆ ನುಣುಪಾಗಿದ್ದರೆ ಎಣ್ಣೆ ಕಂಡಿಲ್ಲ, ಬೆಲ್ಟಿನ ಹಣ ಕಳೆದು ಮಾತಾಡಿ. ಆಮೇಲೆ ನಿಮ್ಮ ಮನೆಯಲ್ಲಿ ಹೆಚ್ಚು ತೂಕ ಇರುವವರನ್ನು ಹತ್ತಿಸಿ ಗಂಟೆಗೆ 3 ಕಿ.ಮೀ. ವೇಗದಲ್ಲಿ ಹದಿನೈದು ನಿಮಿಷ ನಡೆಸಿ, ಇಳಿದ ಕೂಡಲೇ ಮೋಟಾರಿನ ಮುಚ್ಚಳದ ಹತ್ತಿರ ಬಗ್ಗಿ ಮೂಸಿ ನೋಡಿ.