ನಾಂಬು ತೆತ್ಸುಬಿನ್: ಹಾಲಿನ ಚಹಾದವರಿಗಲ್ಲ

ಜಪಾನಿನ ಕಬ್ಬಿಣದ ಕೆಟಲ್ ಕೊಳ್ಳಬೇಕೆಂದು ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಇಷ್ಟೇ: ಇದು ಚಹಾ ಮಾಡುವ ಪಾತ್ರೆಯಲ್ಲ, ನೀರು ಕಾಯಿಸುವ ಪಾತ್ರೆ. ಅಲ್ಲಿ ಇದಕ್ಕೆ ತೆತ್ಸುಬಿನ್ ಎನ್ನುತ್ತಾರೆ. ಅಂಗಡಿಯಲ್ಲಿ ಇದರ ಪಕ್ಕದಲ್ಲೇ ಥೇಟ್ ಇದರಂತೆಯೇ ಕಾಣುವ, ಒಳಗೆ ಎನಾಮೆಲ್ ಬಳಿದು ಜಾಲರಿ ಕೂರಿಸಿದ ಕ್ಯೂಸು ಇರುತ್ತದೆ. ಅದು ಎಲೆ ನೆನೆಸುವುದಕ್ಕೆ ಮಾತ್ರ. ಒಲೆಯ ಮೇಲಿಟ್ಟರೆ ಎನಾಮೆಲ್ ಹಾಳಾಗುತ್ತದೆ. ಕ್ಯೂಸು ಕೆಲವು ಸಾವಿರ ಯೆನ್‌ಗೆ ಸಿಕ್ಕರೆ, ಕೈಯಿಂದ ಮಾಡಿದ ತೆತ್ಸುಬಿನ್ ಹತ್ತಾರು ಸಾವಿರ ದಾಟುತ್ತದೆ. ಆನ್‌ಲೈನಿನಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುವವರಿದ್ದಾರೆ. ಮುಚ್ಚಳ ತೆಗೆದು ಒಳಭಾಗದ ಚಿತ್ರ ತೋರಿಸದವರಿಂದ ಕೊಳ್ಳಲೇಬೇಡಿ.

ನಾವು ಟೋಕಿಯೋದಲ್ಲಿದ್ದಾಗ ಮೊರಿಯೊಕಾಕ್ಕೆ ಹೋಗಿ ಕೊಂಡು ತಂದದ್ದು ನಮ್ಮದು. ಇವಾತೆ ಪ್ರಾಂತ್ಯದ ಮೊರಿಯೊಕಾ ಮತ್ತು ಮಿಜುಸಾವಾ ಈ ಎರಕದ ಕೆಲಸಕ್ಕೆ ಹೆಸರಾದ ಊರುಗಳು. ಮೊರಿಯೊಕಾವನ್ನು ಆಳಿದ ನಾಂಬು ಮನೆತನದ ಹೆಸರೇ ಈ ಕಸುಬಿಗೂ ಉಳಿದಿದೆ. 1975ರಲ್ಲಿ ಜಪಾನ್ ಸರ್ಕಾರ ಇದನ್ನು ಸಾಂಪ್ರದಾಯಿಕ ಕರಕುಶಲ ಕಲೆಯೆಂದು ಮಾನ್ಯ ಮಾಡಿತು. ಮೈತುಂಬ ಆಲಿಕಲ್ಲಿನಂತೆ ಉಬ್ಬಿರುವ ಚುಕ್ಕೆಗಳಿಗೆ ಅರಾರೆ ಎಂದು ಹೆಸರು. ಹಸಿ ಅಚ್ಚಿನ ಒಳಮೈಗೆ ಕಡ್ಡಿಯಿಂದ ಒಂದೊಂದಾಗಿ ಒತ್ತಿ ಮಾಡಿದವು ಅವು. ಹತ್ತಿರದಿಂದ ನೋಡಿದರೆ ಮೇಲಿನ ಸಾಲುಗಳಲ್ಲಿ ಚುಕ್ಕೆ ಕಿರಿದಾಗುತ್ತ ಹೋಗುವುದು ಕಾಣುತ್ತದೆ. ಬೆಲೆ ಯಾಕೆಂದು ಆಗ ತಿಳಿಯುತ್ತದೆ.

ಕೆಟಲ್‌ನ ಜೀವವಿರುವುದು ಒಳಮೈಯಲ್ಲಿ. ಎರಕ ಹೊಯ್ದ ಮೇಲೆ ಇದ್ದಲಿನ ಬೆಂಕಿಯಲ್ಲಿ 800 ಡಿಗ್ರಿಗೂ ಮೇಲೆ ಕಾಯಿಸಿ, ತುಕ್ಕು ತಡೆಯುವ ಆಕ್ಸೈಡ್ ಪದರವೊಂದನ್ನು ಬರಿಸುತ್ತಾರೆ. ಆದ್ದರಿಂದ ಒಳಗೆ ಸೋಪು, ನಾರು, ಬ್ರಷ್ಷು ಯಾವುದೂ ಕೂಡದು. ದೋಸೆ ಕಾವಲಿಯನ್ನು ಪಳಗಿಸಿ ಅಭ್ಯಾಸವಾದ ನಮ್ಮವರಿಗೆ ಎಣ್ಣೆ ಸವರಲು ಕೈ ತುರಿಸುತ್ತದೆ, ಅದೂ ಬೇಡ. ನೀರು ಕಾದ ಕೂಡಲೇ ಪೂರ್ತಿ ಫ್ಲಾಸ್ಕಿಗೆ ಬಗ್ಗಿಸಿ, ಮುಚ್ಚಳ ತೆಗೆದಿಡಿ. ತನ್ನ ಬಿಸಿಗೆ ತಾನೇ ಒಣಗುತ್ತದೆ. ಕಾದ ಖಾಲಿ ಕೆಟಲ್‌ಗೆ ತಣ್ಣೀರು ಸುರಿದರೆ ಸೀಳುವ ಅಪಾಯವಿದೆ.

ಒಳಗೆ ಅಲ್ಲಲ್ಲಿ ಕೆಂಪು ಕಲೆ ಮೂಡುವುದು ಸಹಜ. ನೀರು ತಿಳಿಯಾಗಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೀರೇ ಕೆಂಪಾದರೆ ಹಸಿರು ಚಹಾದ ಎಲೆಗಳನ್ನು ಹಾಕಿ ಕುದಿಸಬೇಕು: ಚಹಾಕ್ಕೆ ಒಗರು ಕೊಡುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಪ್ಪು ಪದರವಾಗಿ ಕೂರುತ್ತದೆ. ನೀರಿನ ಲವಣದಿಂದ ಕಟ್ಟುವ ಬಿಳಿ ಕಿಟ್ಟವನ್ನಂತೂ ಮುಟ್ಟಲೇಬಾರದು, ಅದು ರಕ್ಷಾಕವಚ. ಅಮ್ಮ ಊರಿನಿಂದ ಬಂದಾಗ ಒಳಗೆ ಇಣುಕಿ, "ಇಷ್ಟು ಕೊಳೆಯಲ್ಲಿ ನೀರು ಕಾಯಿಸುತ್ತೀಯಾ?" ಎಂದು ಹುಣಸೆಹಣ್ಣು ಕೈಗೆತ್ತಿಕೊಂಡಿದ್ದರು. ತಡೆಯಲು ಸಾಕುಬೇಕಾಯಿತು. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಈ ಬಿಳಿ ಪದರ ಟೋಕಿಯೋದ ಮೆದು ನೀರಿಗಿಂತ ಬಹಳ ಬೇಗ ಕಟ್ಟಿತು.

ರುಚಿ? ಬರಿಯ ಬಿಸಿನೀರು ಕುಡಿದಾಗ ವ್ಯತ್ಯಾಸ ಗೊತ್ತಾಗುತ್ತದೆ, ಒಗರು ಕಡಿಮೆ. ಹೋಜಿಚಾದಂಥ ಹುರಿದ ಎಲೆಯ ಚಹಾದಲ್ಲೂ ಹಿತವಾಗಿದೆ. ಸೆಂಚಾ ಎಂಬ ಹಸಿರು ಚಹಾಕ್ಕೆ ನೀರು 70-80 ಡಿಗ್ರಿಗೆ ಆರಬೇಕು, ಅಲ್ಲಿ ನನ್ನ ನಾಲಿಗೆಗೆ ಅಷ್ಟೇನೂ ಭೇದ ತಿಳಿಯದು. ಹಾಲು, ಸಕ್ಕರೆ, ಶುಂಠಿ ಹಾಕುವ ನಮ್ಮ ಚಹಾಕ್ಕೆ ಇದು ದಂಡ; ಒಳಗೇ ಪುಡಿ ಹಾಕಿ ಕುದಿಸಿದರೆ ಮಸಿಯಂತೆ ಕಪ್ಪಾಗುತ್ತದೆ. ಕಬ್ಬಿಣಾಂಶ ಸಿಗುತ್ತದೆಂಬ ಮಾರಾಟಗಾರರ ಮಾತನ್ನೂ ಪೂರ್ತಿ ನಂಬಬೇಡಿ. ಚಹಾದ ಟ್ಯಾನಿನ್ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದೆ, ಎನಾಮೆಲ್ ಬಳಿದದ್ದರಲ್ಲಿ ಕಬ್ಬಿಣ ನೀರಿಗೆ ಇಳಿಯುವುದೇ ಇಲ್ಲ.

ನನ್ನ ನಿಜವಾದ ತಕರಾರು ಭಾರದ್ದು. ತುಂಬಿದ ಕೆಟಲ್ ಅನ್ನು ಒಂದೇ ಕೈಯಲ್ಲಿ ಬಗ್ಗಿಸಲು ಮಣಿಕಟ್ಟು ಗಟ್ಟಿಯಿರಬೇಕು. ಹಿಡಿಕೆಯೂ ಕಬ್ಬಿಣದ್ದೇ, ಬಟ್ಟೆಯಿಲ್ಲದೆ ಹಿಡಿಯಲಾಗದು. ಒಳಗೆ ಪೊಳ್ಳಾಗಿರುವ ಹಿಡಿಕೆ ಅಷ್ಟು ಬೇಗ ಕಾಯುವುದಿಲ್ಲ, ಆದರೆ ಅದರ ಬೆಲೆ ಇನ್ನೂ ಹೆಚ್ಚು. ಇಂಡಕ್ಷನ್ ಒಲೆಯವರು ಸಮತಟ್ಟಾದ ಅಗಲ ತಳದ್ದನ್ನೇ ಆರಿಸಿ, ಸಣ್ಣ ಉರಿಯಿಂದ ಶುರುಮಾಡಿ. ಬೆಳಗ್ಗೆ ಕಚೇರಿಗೆ ಓಡುವ ಹೊತ್ತಿನಲ್ಲಿ ಇದು ಒಗ್ಗದು. ನಮ್ಮ ಮನೆಯಲ್ಲೂ ಆಗ ಕೆಲಸಕ್ಕೆ ಬರುವುದು ವಿದ್ಯುತ್ ಕೆಟಲ್ಲೇ.