ಸ್ಯಾಕ್ಸಫೋನ್ ಕೊಲಾಸಸ್: ಟೆನರ್ ಕೇಳಲು ಶುರು ಮಾಡುವವರು ಮೊದಲು ಇದನ್ನು ಕೊಳ್ಳಿ

ಜಾಝ್‌ನಲ್ಲಿ ಟೆನರ್ ಸ್ಯಾಕ್ಸಫೋನ್ (ದಪ್ಪ ದನಿಯ, ಊದುವ ವಾದ್ಯ) ಅಂದ ತಕ್ಷಣ ಎಲ್ಲರೂ ಜಾನ್ ಕೋಲ್ಟ್ರೇನ್ ಹೆಸರು ಹೇಳುತ್ತಾರೆ. ನನ್ನ ಕೇಳಿದರೆ ಮೊದಲು ಸನ್ನಿ ರಾಲಿನ್ಸ್ ಅವರ ಈ ಆಲ್ಬಂ ತಗೊಳ್ಳಿ. ಕೋಲ್ಟ್ರೇನ್ ಕಡಿಮೆ ಅಂತಲ್ಲ, ಆದರೆ ಅವರು ಸ್ವರಗಳನ್ನು ಸುರಿಯುವ ವೇಗಕ್ಕೆ ಹೊಸ ಕಿವಿ ಬೇಗ ಸುಸ್ತಾಗುತ್ತದೆ. ರಾಲಿನ್ಸ್ ಒಂದು ಸಣ್ಣ ತುಣುಕು ಊದಿ ನಿಲ್ಲಿಸುತ್ತಾರೆ, ಅದನ್ನೇ ಸ್ವಲ್ಪ ತಿರುಚಿ ಮತ್ತೆ ಊದುತ್ತಾರೆ, ಹಾಗಾಗಿ ಎಲ್ಲಿದ್ದೇವೆ ಅನ್ನೋದು ನಮಗೂ ಗೊತ್ತಿರುತ್ತದೆ.

1956ರ ಜೂನ್ 22ರಂದು ಒಂದೇ ದಿನದಲ್ಲಿ ರೆಕಾರ್ಡ್ ಆಗಿದ್ದು ಇದು. ಜಾಗ, ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋ. ಸ್ಟುಡಿಯೋ ಅಂದರೆ ಗೆಲ್ಡರ್ ಅವರ ಅಪ್ಪ ಅಮ್ಮನ ಮನೆಯ ಹಾಲ್! ರಾಲಿನ್ಸ್‌ಗೆ ಆಗ 25 ವರ್ಷ. ಪಿಯಾನೋದಲ್ಲಿ ಟಾಮಿ ಫ್ಲ್ಯಾನಗನ್, ಬಾಸ್‌ನಲ್ಲಿ ಡಗ್ ವಾಟ್ಕಿನ್ಸ್, ಡ್ರಮ್ಸ್‌ನಲ್ಲಿ ಮ್ಯಾಕ್ಸ್ ರೋಚ್. ಐದೇ ಟ್ರ್ಯಾಕ್, ಸುಮಾರು 40 ನಿಮಿಷ.

ಮೊದಲ ಟ್ರ್ಯಾಕ್ 'ಸೇಂಟ್ ಥಾಮಸ್' ಎಲ್ಲರಿಗೂ ಇಷ್ಟವಾಗುತ್ತದೆ. ರಾಲಿನ್ಸ್ ಅವರ ತಾಯಿಯ ಮೂಲ ವರ್ಜಿನ್ ದ್ವೀಪಗಳು, ಚಿಕ್ಕಂದಿನಲ್ಲಿ ಅವರಿಂದ ಕೇಳಿದ ಧಾಟಿಯೇ ಇಲ್ಲಿ ಕ್ಯಾಲಿಪ್ಸೋ ಲಯದಲ್ಲಿ, ಅಂದರೆ ಕೆರಿಬಿಯನ್ ಹಾಡುಗಳ ಲಯದಲ್ಲಿ, ಬಂದಿದೆ. ರಾಲಿನ್ಸ್ ಸೋಲೋ, ಅಂದರೆ ಅವರೊಬ್ಬರೇ ಮುಂದಾಗಿ ಊದುವ ಭಾಗ, ಶುರುವಾಗೋದು ಬರೀ ಎರಡು ಸ್ವರದಿಂದ. ಎರಡೇ ಸ್ವರ, ಅದನ್ನು ಹಿಂದೆ ಮುಂದೆ ತಳ್ಳಿ, ಗ್ಯಾಪ್ ಬಿಟ್ಟು, ಆಮೇಲೆ ನಿಧಾನವಾಗಿ ಬಿಚ್ಚುತ್ತಾ ಹೋಗುತ್ತಾರೆ. ಮ್ಯಾಕ್ಸ್ ರೋಚ್ ಸೋಲೋ ಆದಮೇಲೆ ಲಯ ಸ್ವಿಂಗ್‌ಗೆ (ಜಾಝ್‌ನ ತೂಗಾಡುವ ನಡೆಗೆ) ತಿರುಗುವ ಜಾಗ ಇದೆಯಲ್ಲ, ಅಲ್ಲಿ ವಾಲ್ಯೂಮ್ ಜಾಸ್ತಿ ಮಾಡಿ.

ಆದರೆ ಕೊಟ್ಟ ದುಡ್ಡು ವಸೂಲಾಗೋದು ಕೊನೆಯ 'ಬ್ಲೂ 7'ನಲ್ಲಿ. ಹನ್ನೊಂದು ನಿಮಿಷಕ್ಕೂ ಜಾಸ್ತಿ ಇರುವ ಬ್ಲೂಸ್. ಬಾಸ್ ಒಂದೇ ಶುರುವಾಗಿ ನಡೆಯುತ್ತಾ ಬರುತ್ತದೆ, ಅದರ ಮೇಲೆ ಯಾವ ಕೀ (ಶ್ರುತಿ) ಅಂತ ಹಿಡಿಯೋಕಾಗದ ಒಂದು ಥೀಮ್, ಅಂದರೆ ಮೂಲ ಧಾಟಿ. ಮುಂದೆ ಬರುವ ರಾಲಿನ್ಸ್ ಸೋಲೋಗಳು ಆ ಥೀಮಿನ ಚೂರುಗಳಿಂದಲೇ ಹುಟ್ಟುತ್ತವೆ. 1958ರಲ್ಲಿ ಸಂಗೀತಗಾರ, ವಿಮರ್ಶಕ ಗುಂಥರ್ ಶುಲ್ಲರ್ ಇದನ್ನು ಬಿಡಿಸಿ ಉದ್ದದ ಲೇಖನ ಬರೆದರು. ಅದನ್ನು ಓದದೆಯೇ ಕೇಳಿದರೂ ನಷ್ಟವಿಲ್ಲ, ಸುಮ್ನೆ ಆ ಥೀಮ್ ಬಾಯಲ್ಲಿ ಗುನುಗುವಷ್ಟು ನೆನಪಿಟ್ಟುಕೊಳ್ಳಿ ಸಾಕು.

ನಡುವಿನ ಬ್ಯಾಲಡ್‌ನಲ್ಲಿ (ನಿಧಾನ ಗತಿಯ ಹಾಡಿನಲ್ಲಿ) ಹಿಂದಿನ ತಲೆಮಾರಿನ ಟೆನರ್ ವಾದಕ ಕೋಲ್‌ಮನ್ ಹಾಕಿನ್ಸ್ ನೆನಪಾಗುತ್ತಾರೆ. ಟೆನರ್‌ಗೆ ಜಾಝ್‌ನಲ್ಲಿ ಮರ್ಯಾದೆ ತಂದವರೇ ಹಾಕಿನ್ಸ್ ಅಲ್ವಾ, ರಾಲಿನ್ಸ್ ಅವರನ್ನು ಆರಾಧಿಸುತ್ತಿದ್ದರು, ಆ ದಪ್ಪ ದನಿ ಅಲ್ಲಿಂದಲೇ ಬಂದದ್ದು. 'ಸ್ಟ್ರೋಡ್ ರೋಡ್' ಚುರುಕಾಗಿದೆ. 'ಮೊರಿಟಾಟ್' ನನಗೆ ಸ್ವಲ್ಪ ಉದ್ದವಾಯಿತು ಅನ್ನಿಸುತ್ತದೆ, ಕೆಲವರು ಇದಕ್ಕೆ ಬೈದಾರು.

ದೂರು ಒಂದೇ, ಪಿಯಾನೋ ಸದ್ದು. ಡಬ್ಬಿಯೊಳಗಿಂದ ಬಂದ ಹಾಗಿದೆ, ಫ್ಲ್ಯಾನಗನ್ ಅಷ್ಟು ಚೆಂದ ನುಡಿಸಿದ್ದು ಪೂರ್ತಿ ಸಿಗುವುದಿಲ್ಲ. ಮೊನೊ (ಒಂದೇ ಚಾನೆಲ್‌ನ) ರೆಕಾರ್ಡಿಂಗ್ ಬೇರೆ, ಹೆಡ್‌ಫೋನ್‌ನಲ್ಲಿ ಎಡ ಬಲ ಹುಡುಕಬೇಡಿ. ಸ್ಯಾಕ್ಸ್ ಮಾತ್ರ ಎದುರಿಗೇ ನಿಂತು ಊದಿದಂತಿದೆ.

ಇದು ಹಿಡಿಸಿದರೆ ಮುಂದೆ 'ಟೆನರ್ ಮ್ಯಾಡ್ನೆಸ್' ತಗೊಳ್ಳಿ. ಇದಕ್ಕಿಂತ ಒಂದು ತಿಂಗಳು ಮೊದಲು ಮಾಡಿದ್ದು, ಅದರ ಟೈಟಲ್ ಟ್ರ್ಯಾಕ್‌ನಲ್ಲಿ ರಾಲಿನ್ಸ್ ಜೊತೆ ಕೋಲ್ಟ್ರೇನ್ ಕೂಡ ಇದ್ದಾರೆ. ಆ ಒಂದು ಟ್ರ್ಯಾಕ್ ಬಿಟ್ಟರೆ ಉಳಿದದ್ದು ಇದರ ಮಟ್ಟಕ್ಕಿಲ್ಲ.